ಕೆತ್ತುವಾಗ ಕೊಂಬು ಅಲುಗುತ್ತಿದೆಯಾ? ಹಿಡಿತದ ದೋಷ ಹುಡುಕುವ ಬಗೆ

ವೈಸಿನಲ್ಲಿ (ಎರಡು ದವಡೆಗಳ ನಡುವೆ ವಸ್ತುವನ್ನು ಬಿಗಿಯಾಗಿ ಹಿಡಿಯುವ, ಮೇಜಿಗೆ ಕೂರಿಸಿದ ಉಪಕರಣ) ಕೊಂಬು ನಿಲ್ಲುತ್ತಿಲ್ಲ ಅಂದ ತಕ್ಷಣ ಕೈ ಹೋಗುವುದು ವೈಸಿನ ಹಿಡಿಗೆ. ಇನ್ನರ್ಧ ಸುತ್ತು ಬಿಗಿ ಮಾಡುತ್ತೇವೆ. ಆಗಲೂ ಅಲುಗಿದರೆ ಮತ್ತೆ ಅರ್ಧ ಸುತ್ತು. ಕೊನೆಗೆ ಒಂದು ಸಣ್ಣ 'ಟಿಕ್' ಸದ್ದು ಬರುತ್ತದೆ. ಬುಡದಿಂದ ಉದ್ದಕ್ಕೆ ಒಂದು ಸೀಳು ಓಡಿರುತ್ತದೆ. ಇದನ್ನು ತಪ್ಪಿಸಬಹುದು. ಕೊಂಬು ಅಲುಗುವುದಕ್ಕೆ ಬಿಗಿ ಸಾಲದೇ ಇರುವುದು ಕಾರಣ ಆಗಿರುವುದು ಕಡಿಮೆ. ಹಿಡಿದ ಜಾಗ ತಪ್ಪಿರುತ್ತದೆ, ಇಲ್ಲವೇ ನೀವು ತಳ್ಳುವ ದಿಕ್ಕು ತಪ್ಪಿರುತ್ತದೆ. ಅದಕ್ಕೇ ಬಿಗಿ ಮಾಡುವ ಮುಂಚೆ ಕೊಂಬು ಯಾವ ಕಡೆಗೆ ತಪ್ಪಿಸಿಕೊಳ್ಳುತ್ತಿದೆ ಅಂತ ನೋಡಬೇಕು. ಒಂದೊಂದು ದಿಕ್ಕಿಗೂ ಬೇರೆ ಬೇರೆ ಮದ್ದು.

ಇಲ್ಲಿ ಹೇಳುವುದೆಲ್ಲ ದನ, ಎಮ್ಮೆ, ಕುರಿ, ಮೇಕೆಗಳ ಟೊಳ್ಳು ಕೊಂಬಿಗೆ. ಜಿಂಕೆಯ ಕವಲುಗೊಂಬಿನ ಮಾತು ಬೇರೆ. ಅದು ಪೂರ್ತಿ ಮೂಳೆ. ಟೊಳ್ಳು ಕೊಂಬು ನಮ್ಮ ಉಗುರು, ಕೂದಲು ಆಗಿರುವ ಕೆರಾಟಿನ್‌ನಿಂದಲೇ ಆಗಿದ್ದು. ಬದುಕಿರುವ ಪ್ರಾಣಿಯಲ್ಲಿ ಒಳಗೊಂದು ಮೂಳೆ ಇರುತ್ತದೆ, ಅದರ ಮೇಲಿನ ಹೊದಿಕೆ ಈ ಕೊಂಬು. ಮೂಳೆ ತೆಗೆದ ಮೇಲೆ ಬುಡದ ಕಡೆ ಟೊಳ್ಳು ಉಳಿಯುತ್ತದೆ, ತುದಿಯ ಕಡೆ ಗಟ್ಟಿ. ಹೊದಿಕೆ ಬೆಳೆಯುವುದು ಪದರ ಪದರವಾಗಿ. ಹಳೆಯ ಪದರ ಹೊರಗೆ, ಹೊಸದು ಅದರ ಒಳಗೆ. ಹಿಡಿತದ ತೊಂದರೆಗಳೆಲ್ಲ ಹುಟ್ಟುವುದು ಈ ಆಕಾರದಿಂದಲೇ: ದುಂಡಗಿದೆ, ಒಂದು ಕಡೆ ಸಣ್ಣಗಾಗುತ್ತ ಹೋಗುತ್ತದೆ, ಬಾಗಿದೆ, ಒಳಗೆ ಟೊಳ್ಳು, ಪದರ ಏಳುತ್ತದೆ. ಮರದ ತುಂಡು ಹಿಡಿಯುವ ಅಭ್ಯಾಸ ಇಲ್ಲಿ ಪೂರ್ತಿ ನಡೆಯುವುದಿಲ್ಲ.

ಗೆರೆ ಹಾಕಿ ನೋಡಿ

ತಪಾಸಣೆಗೆ ಒಂದು ಪೆನ್ಸಿಲ್ ಸಾಕು. ಕಪ್ಪು ಕೊಂಬಾದರೆ ಬಿಳಿ ಸೀಮೆಸುಣ್ಣ. ಕೊಂಬನ್ನು ಎಂದಿನಂತೆ ವೈಸಿಗೆ ಕಟ್ಟಿ. ವೈಸಿನ ದವಡೆಗೆ ಇಟ್ಟ ಮೆತ್ತೆಯಿಂದ ಶುರುಮಾಡಿ ಕೊಂಬಿನ ಮೇಲೂ ಹಾಯುವಂತೆ ಒಂದು ನೇರ ಗೆರೆ ಎಳೆಯಿರಿ. ಆಮೇಲೆ ಎಂದಿನ ಜೋರಿನಲ್ಲೇ ಹತ್ತು ಹದಿನೈದು ಸಲ ಅರ (ಫೈಲ್) ಹಾಕಿ. ನಿಲ್ಲಿಸಿ, ಬಗ್ಗಿ ಆ ಗೆರೆ ನೋಡಿ.

ಗೆರೆ ಮುರಿದು ಕೊಂಬಿನ ಉದ್ದಕ್ಕೆ ಸರಿದಿದ್ದರೆ ಕೊಂಬು ಜಾರುತ್ತಿದೆ. ಸುತ್ತಳತೆಯ ಕಡೆಗೆ ಸರಿದಿದ್ದರೆ ಉರುಳುತ್ತಿದೆ. ಗೆರೆ ಹಾಗೇ ಇದ್ದು, ದೂರದ ತುದಿಯನ್ನು ಬೆರಳಲ್ಲಿ ಒತ್ತಿದಾಗ ಮಾತ್ರ ಮೇಲೆ ಕೆಳಗೆ ಆಡಿದರೆ ಅದು ತೊನೆಯುತ್ತಿದೆ, ಅಂದರೆ ಒಂದೇ ಬಿಂದುವಿನ ಮೇಲೆ ಕೂತಿದೆ. ಗೆರೆಯೂ ಹಾಗೇ, ತುದಿಯೂ ಗಟ್ಟಿ, ಆದರೆ ಕೆಲಸ ಮಾಡಿದ ಜಾಗದಲ್ಲಿ ಅಡ್ಡಡ್ಡ ಅಲೆಗಳು ಬಿದ್ದಿದ್ದರೆ ಅದುರುತ್ತಿದೆ.

ಎರಡು ಒಟ್ಟಿಗೇ ಇರಬಹುದು. ಜಾರುವ ಕೊಂಬು ಸಾಮಾನ್ಯವಾಗಿ ಸ್ವಲ್ಪ ತೊನೆಯುತ್ತಲೂ ಇರುತ್ತದೆ. ಹಾಗಿದ್ದಾಗ ತೊನೆಯುವುದನ್ನೇ ಮೊದಲು ಸರಿಮಾಡಿ. ಉಳಿದದ್ದು ಎಷ್ಟೋ ಸಲ ತಾನಾಗೇ ನಿಲ್ಲುತ್ತದೆ.

ಹಿಡಿತಕ್ಕೆ ಕೈ ಹಾಕುವ ಮುಂಚೆ

ಎರಡು ನಿಮಿಷ ಉಪಕರಣ ನೋಡಿ. ಅಲಗು ಮೊಂಡಾಗಿದ್ದರೆ ನೀವು ಜಾಸ್ತಿ ಒತ್ತುತ್ತೀರಿ, ಜಾಸ್ತಿ ಒತ್ತಿದರೆ ಎಂಥ ಹಿಡಿತವೂ ಸೋಲುತ್ತದೆ. ಅರದ ಹಲ್ಲುಗಳ ನಡುವೆ ಕೊಂಬಿನ ಪುಡಿ ಕಚ್ಚಿಕೊಂಡಿದ್ದರೆ ಅದು ತಿನ್ನುವುದಿಲ್ಲ, ಸುಮ್ನೆ ಮೇಲೆ ತೇಲುತ್ತದೆ. ತಂತಿ ಬ್ರಷ್ಷಿನಿಂದ ಹಲ್ಲಿನ ಸಾಲಿನ ಗುಂಟ ಉಜ್ಜಿ ತೆಗೆಯಿರಿ. ಸೀಮೆಸುಣ್ಣ ಹಚ್ಚಿಕೊಂಡು ಕೆಲಸ ಮಾಡಿದರೆ ಪುಡಿ ಅಷ್ಟು ಬೇಗ ಕಚ್ಚುವುದಿಲ್ಲ.

ಮೇಜನ್ನೂ ನೋಡಿ. ವೈಸಿನ ಮೇಲೆ ಒಂದು ಕೈ, ಮೇಜಿನ ಮೂಲೆಯ ಮೇಲೆ ಇನ್ನೊಂದು ಕೈ ಇಟ್ಟು ಬೇರೆಯವರಿಗೆ ಅರ ಹಾಕಲು ಹೇಳಿ. ಮೇಜೇ ಆಡುತ್ತಿದ್ದರೆ ಕೊಂಬನ್ನು ದೂರಿ ಪ್ರಯೋಜನವಿಲ್ಲ. ವೈಸಿನ ದವಡೆಯಲ್ಲಿ ಸಡಿಲ ಇದ್ದರೂ ಹಾಗೇ.

ಕೊಂಬಿನ ಮೇಲ್ಮೈ ಒರಸುವುದನ್ನು ಮರೆಯಬೇಡಿ. ಬೇಯಿಸಿ ಮೂಳೆ ತೆಗೆದ ಹೊಸ ಕೊಂಬಿನಲ್ಲಿ ಜಿಡ್ಡು ಉಳಿದಿರುತ್ತದೆ. ಸೋಪು ನೀರಿನಲ್ಲಿ ತೊಳೆದು, ಒರಸಿ, ಒಣಗಲು ಬಿಡಿ. ನೆನೆಸಿದ ಕೊಂಬನ್ನು ಒದ್ದೆಯಲ್ಲೇ ಕಟ್ಟಿದರೆ ಜಾರುತ್ತದೆ. ಒಣ ಪುಡಿಯೂ ಜಾರಿಸುತ್ತದೆ, ದವಡೆಯ ಮೆತ್ತೆಯನ್ನು ಆಗಾಗ ಕೊಡವಿ.

ಉದ್ದಕ್ಕೆ ಜಾರಿದರೆ

ಯಾವ ಕಡೆಗೆ ಜಾರಿತು ಅಂತ ಗೆರೆ ನೋಡಿ ಹೇಳಿ. ಬುಡದ ದಿಕ್ಕಿಗಾ, ತುದಿಯ ದಿಕ್ಕಿಗಾ?

ಬುಡದ ದಿಕ್ಕಿಗೆ ಸರಿದಿದ್ದರೆ ಕಾರಣ ಆಕಾರವೇ. ಕೊಂಬು ಒಂದು ಬೆಣೆ. ಎರಡು ಕಡೆಯಿಂದ ಒತ್ತಿದರೆ ದಪ್ಪ ಭಾಗ ದವಡೆಯಿಂದ ಹೊರಗೆ ಹೋಗಲು ನೋಡುತ್ತದೆ, ಒದ್ದೆ ಸೋಪಿನ ಚೂರು ಬೆರಳ ಸಂದಿಯಿಂದ ಚಿಮ್ಮುವ ಹಾಗೆ. ಒಂದು ಲೆಕ್ಕ ನೋಡಿ. 10 ಸೆಂ.ಮೀ. ಉದ್ದದಲ್ಲಿ ಕೊಂಬಿನ ದಪ್ಪ 6 ಸೆಂ.ಮೀ.ನಿಂದ 4ಕ್ಕೆ ಇಳಿಯುತ್ತದೆ ಅಂತಿಟ್ಟುಕೊಳ್ಳಿ. ಒಂದೊಂದು ಪಕ್ಕದಲ್ಲಿ 10ಕ್ಕೆ 1ರ ಇಳಿಜಾರು. ದವಡೆ 100 ಕೆ.ಜಿ. ಬಲದಲ್ಲಿ ಒತ್ತಿದರೆ ಪ್ರತಿ ಪಕ್ಕವೂ ಸುಮಾರು 10 ಕೆ.ಜಿ.ಯಂತೆ ಒಟ್ಟು 20 ಕೆ.ಜಿ. ಬಲ ಕೊಂಬನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ತಡೆಯುವುದು ಮೆತ್ತೆಯ ಘರ್ಷಣೆ ಒಂದೇ. ನೀವು ಬಿಗಿ ಎರಡರಷ್ಟು ಮಾಡಿದರೆ ತಳ್ಳುವ ಬಲವೂ ಎರಡರಷ್ಟಾಗುತ್ತದೆ. ಬಿಗಿ ಮಾಡಿ ಇದನ್ನು ಗೆಲ್ಲಲು ಆಗುವುದಿಲ್ಲ ಅನ್ನುವುದು ಅದಕ್ಕೇ.

ಮಾಡಬೇಕಾದ್ದು ಎರಡು. ಒಂದು, ಘರ್ಷಣೆ ಹೆಚ್ಚಿಸುವುದು. ಕಬ್ಬಿಣದ ಬರೀ ದವಡೆ ಬೇಡವೇ ಬೇಡ. ಚರ್ಮದ ತುಂಡನ್ನು ಒರಟು ಮಗ್ಗುಲು ಕೊಂಬಿಗೆ ತಾಗುವಂತೆ ಇಡಿ. ಚರ್ಮಕ್ಕೆ ರಾಳದ ಪುಡಿ ಸವರಿದರೆ ಇನ್ನೂ ಚೆನ್ನಾಗಿ ಕಚ್ಚುತ್ತದೆ. ಸೈಕಲ್ ಟ್ಯೂಬಿನ ರಬ್ಬರೂ ಆಗುತ್ತದೆ, ಆದರೆ ದಪ್ಪ ರಬ್ಬರ್ ಹಾಕಿದರೆ ಜಾರುವುದು ನಿಂತು ಕುಪ್ಪಳಿಸುವುದು ಶುರುವಾಗುತ್ತದೆ. ತೆಳ್ಳಗಿನದೇ ಇರಲಿ. ಎರಡು, ಬುಡದ ಹಿಂದೆ ಒಂದು ಅಡ್ಡಗೂಟ. ವೈಸಿನ ಹಿಂದೆ ಮೇಜಿಗೆ ಒಂದು ಮರದ ತುಂಡನ್ನು ಕ್ಲ್ಯಾಂಪ್ ಹಾಕಿ, ಕೊಂಬಿನ ಬುಡ ಅದಕ್ಕೆ ತಾಗುವಂತೆ ಇಟ್ಟರೆ ಜಾರಲು ಜಾಗವೇ ಇರುವುದಿಲ್ಲ. ಬುಡದ ಅಂಚು ತೆಳ್ಳಗಿದ್ದರೆ ಗೂಟಕ್ಕೂ ಅಂಚಿಗೂ ನಡುವೆ ಬಟ್ಟೆ ಮಡಿಸಿ ಇಡಿ. ನನಗೆ ಕೇಳಿದರೆ ರಾಳಕ್ಕಿಂತ ಈ ಗೂಟವೇ ಮೇಲು. ರಾಳ ಪುಡಿ ಮೆತ್ತಿಕೊಂಡು ಬೇಗ ಕೆಲಸ ನಿಲ್ಲಿಸುತ್ತದೆ, ಗೂಟ ನಿಲ್ಲಿಸುವುದಿಲ್ಲ.

ತಳ್ಳುವ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಅರವನ್ನು ಬುಡದಿಂದ ತುದಿಯ ಕಡೆಗೆ ತಳ್ಳಿದರೆ ಕೊಂಬು ದವಡೆಯೊಳಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ತುದಿಯಿಂದ ಬುಡದ ಕಡೆಗೆ ತಳ್ಳಿದರೆ ಬಿಡಿಸಿಕೊಳ್ಳುತ್ತದೆ. ಹಾಗಂತ ಎಲ್ಲವನ್ನೂ ತುದಿಯ ಕಡೆಗೇ ತಳ್ಳಲು ಆಗುವುದಿಲ್ಲ. ಅಲಗಿನಲ್ಲಿ ಹೆರೆಯುವಾಗ ಒಂದು ದಿಕ್ಕಿನಲ್ಲಿ ಪದರದ ಅಂಚು ಎದ್ದು ಸಿಪ್ಪೆ ಬಿಡುತ್ತದೆ, ಇನ್ನೊಂದು ದಿಕ್ಕಿನಲ್ಲಿ ನುಣುಪಾಗಿ ಬರುತ್ತದೆ. ಮೊದಲು ಒಂದೆರಡು ಹಗುರ ಎಳೆತದಲ್ಲಿ ಅದನ್ನು ತಿಳಿದುಕೊಳ್ಳಿ. ನುಣುಪಾಗಿ ಬರುವ ದಿಕ್ಕು ಬುಡದ ಕಡೆಗೇ ಇದ್ದರೆ ಅಡ್ಡಗೂಟ ಇಲ್ಲದೆ ಕೆಲಸ ಶುರು ಮಾಡಬೇಡಿ.

ಇನ್ನು, ಗೆರೆ ತುದಿಯ ದಿಕ್ಕಿಗೆ ಸರಿದಿದ್ದರೆ? ಆಗ ಕೊಂಬು ದವಡೆಗೆ ಸರಿಯಾಗಿ ತಾಗಿಯೇ ಇಲ್ಲ, ನೀವು ತಳ್ಳಿದ ಹಾಗೆ ಒಳಕ್ಕೆ ಹೋಗುತ್ತಿದೆ ಅಂತ ಅರ್ಥ. ಮುಂದಿನ ಭಾಗ ಅದರದ್ದೇ.

ತೊನೆದರೆ

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕೊಂಬುಗಳನ್ನು ಹಾಳು ಮಾಡುವ ದೋಷ ಇದೇ. ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ.

ದವಡೆಯ ಮೆತ್ತೆಗೆ ಸೀಮೆಸುಣ್ಣ ದಟ್ಟವಾಗಿ ಉಜ್ಜಿ. ಕೊಂಬನ್ನು ಹಗುರಾಗಿ ಕಟ್ಟಿ, ತುದಿಯನ್ನು ಒಂದು ಸಲ ಮೆಲ್ಲಗೆ ಅಲ್ಲಾಡಿಸಿ, ಬಿಚ್ಚಿ ಬೆಳಕಿಗೆ ಹಿಡಿಯಿರಿ. ಬಲಗಡೆ ದವಡೆಯ ಅಂಚಿನ ನೇರಕ್ಕೆ ಒಂದು ಚಿಕ್ಕ ಬಿಳಿ ಚುಕ್ಕೆ. ತಿರುಗಿಸಿದರೆ ಎಡಗಡೆ ಇನ್ನೊಂದು. ಉಳಿದ ಜಾಗವೆಲ್ಲ ಸ್ವಚ್ಛ. ನಾಲ್ಕು ಬೆರಳಗಲ ಹಿಡಿದಿದ್ದೇವೆ ಅಂದುಕೊಂಡ ಕೊಂಬು ನಿಜಕ್ಕೂ ಎರಡು ಚುಕ್ಕೆಗಳ ನಡುವೆ ತೂಗುತ್ತಿತ್ತು. ವೈಸಿನ ಬಲವೆಲ್ಲ ಆ ಎರಡು ಚುಕ್ಕೆಯ ಮೇಲೆ ಬೀಳುತ್ತಿತ್ತು. ಸೀಳು ಹುಟ್ಟುವುದೂ ಅಲ್ಲಿಂದಲೇ.

ಸರಿಮಾಡುವ ಮೊದಲ ಹೆಜ್ಜೆಗೆ ಏನೂ ಖರ್ಚಿಲ್ಲ: ಕೊಂಬನ್ನು ತಿರುಗಿಸಿ ಕಟ್ಟಿ. ಬಾಗಿದ ಕೊಂಬಿಗೆ ಒಳಬಾಗು, ಹೊರಬಾಗು ಇರುತ್ತದೆ, ನಡುವೆ ಎರಡು ಮಗ್ಗುಲುಗಳು ಇರುತ್ತವೆ. ಒಳಬಾಗು ಒಂದು ದವಡೆಗೆ, ಹೊರಬಾಗು ಇನ್ನೊಂದಕ್ಕೆ ಬರುವಂತೆ ಕಟ್ಟಿದರೆ ಒಂದು ಕಡೆ ಎರಡು ಕೊನೆಗಳು ತಾಗುತ್ತವೆ, ಇನ್ನೊಂದು ಕಡೆ ನಡುಭಾಗ ಮಾತ್ರ. ವೈಸ್ ಬಿಗಿ ಮಾಡಿದಷ್ಟೂ ಕೊಂಬನ್ನು ನೇರ ಮಾಡಲು ನೋಡುತ್ತೀರಿ. ಅದು ನೇರವಾಗುವುದಿಲ್ಲ, ಬಿರಿಯುತ್ತದೆ. ಬಾಗು ಮೇಲಕ್ಕೋ ಕೆಳಕ್ಕೋ ಇರುವಂತೆ ನಿಲ್ಲಿಸಿ, ಎರಡು ಮಗ್ಗುಲನ್ನು ದವಡೆಗೆ ಕೊಡಿ. ಎಷ್ಟೋ ಸಲ ಇಷ್ಟರಲ್ಲೇ ತೊನೆತ ಅರ್ಧ ಇಳಿಯುತ್ತದೆ.

ಆಮೇಲೆ ಇಳಿಜಾರಿನ ಲೆಕ್ಕ. ದವಡೆಗಳು ಸಮಾನಾಂತರ, ಕೊಂಬಿನ ಮಗ್ಗುಲು ಅಲ್ಲ. ತೆಳ್ಳಗಿನ ಕಡೆಗೆ ಬೆಣೆ ಆಕಾರದ ಮರದ ಚಕ್ಕೆ ಕೊಟ್ಟು ತುಂಬಿಸಬಹುದು. ಚಕ್ಕೆಯ ದಪ್ಪ ಭಾಗ ಕೊಂಬಿನ ತೆಳು ಭಾಗದ ಕಡೆ ಬರಬೇಕು. ಇದು ತಾತ್ಕಾಲಿಕಕ್ಕೆ ಸರಿ. ಬಿಚ್ಚಿ ಕಟ್ಟುವಾಗಲೆಲ್ಲ ಚಕ್ಕೆ ಕೆಳಗೆ ಬೀಳುತ್ತದೆ, ಅದೇ ಕಿರಿಕಿರಿ.

ಇದೇ ಕೆಲಸ ಮತ್ತೆ ಮತ್ತೆ ಮಾಡುವವರು ಒಂದು ಜೊತೆ ಮರದ ದವಡೆ ಮಾಡಿಕೊಳ್ಳುವುದು ಒಳ್ಳೆಯದು. ಮೆತ್ತನೆಯ ಮರದ ಎರಡು ತುಂಡು ತೆಗೆದುಕೊಳ್ಳಿ. ಒಂದೊಂದೂ 3–4 ಸೆಂ.ಮೀ. ದಪ್ಪ ಇರಲಿ. ಮೇಲ್ಗಡೆ ಒಂದು ಚಾಚು ಬಿಡಿ, ಅದು ವೈಸಿನ ದವಡೆಯ ಮೇಲೆ ಕೂತು ತುಂಡು ಜಾರದಂತೆ ಹಿಡಿಯುತ್ತದೆ. ಒಳಮುಖದಲ್ಲಿ ಕೊಂಬಿನ ಆಕಾರಕ್ಕೆ ಹಳ್ಳ ತೋಡಿ. ಅಂದಾಜಿನ ಮೇಲೆ ತೋಡಿ ಮುಗಿಸಬೇಡಿ. ಕೊಂಬಿಗೆ ಸೀಮೆಸುಣ್ಣ ಹಚ್ಚಿ, ಹಳ್ಳಕ್ಕೆ ಒತ್ತಿ, ಬಿಳಿ ಹತ್ತಿದ ಉಬ್ಬುಗಳನ್ನು ಮಾತ್ರ ಬಾಗಿದ ಉಳಿಯಿಂದ ತೆಗೆಯಿರಿ. ಮತ್ತೆ ಒತ್ತಿ, ಮತ್ತೆ ತೆಗೆಯಿರಿ. ಬಿಳಿ ಎಲ್ಲ ಕಡೆ ಚದುರಿ ಹತ್ತಲು ಶುರುವಾದಾಗ ನಿಲ್ಲಿಸಿ, ಒಳಗೆ ತೆಳು ಚರ್ಮ ಅಂಟಿಸಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಹಳ್ಳವನ್ನು ಸ್ವಲ್ಪ ದೊಡ್ಡದಾಗೇ ತೋಡಿ, ಎಪಾಕ್ಸಿ ಪುಟ್ಟಿ ತುಂಬಿ, ಕೊಂಬಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಅದರೊಳಗೆ ಒತ್ತಿಡಿ. ಪುಟ್ಟಿ ಗಟ್ಟಿಯಾದ ಮೇಲೆ ಆ ಕೊಂಬಿನ ಅಚ್ಚೇ ಸಿಗುತ್ತದೆ. ಪ್ಲಾಸ್ಟಿಕ್ ಹಾಳೆಯಲ್ಲಿ ತೂತಿದ್ದರೆ ಮಾತ್ರ ಕೊಂಬು ಪುಟ್ಟಿಗೇ ಅಂಟಿಕೊಂಡುಬಿಡುತ್ತದೆ, ಎರಡು ಸುತ್ತು ಸುತ್ತಿ.

ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ್ದಕ್ಕೆ ಉದ್ದನೆಯ ದವಡೆ ಹೊಂದುವುದೇ ಇಲ್ಲ. ಅಲ್ಲಿ ಹಿಡಿಯುವ ಉದ್ದ ಕಡಿಮೆ ಮಾಡಿ. ಎರಡು ಬೆರಳಗಲದ ಅಚ್ಚು ಸರಿಯಾಗಿ ಕೂತರೆ ಅಂಗೈ ಅಗಲದ ಹೊಂದದ ದವಡೆಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಉಳಿದ ಭಾಗಕ್ಕೆ ಕೆಳಗೆ ಮರಳಿನ ಚೀಲದ ಆಸರೆ ಕೊಡಿ.

ಉರುಳಿದರೆ

ದುಂಡು ವಸ್ತುವನ್ನು ಎರಡು ಚಪ್ಪಟೆ ಮುಖಗಳ ನಡುವೆ ಹಿಡಿದರೆ ಉರುಳುವುದು ಸಹಜ. ಅಡ್ಡಕ್ಕೆ ಅರ ಹಾಕುವಾಗ, ಪಕ್ಕದಿಂದ ಗರಗಸ ಆಡಿಸುವಾಗ ಇದು ಜಾಸ್ತಿ. ಒಂದು ದವಡೆಯಲ್ಲಿ 'ವಿ' ಆಕಾರದ ಕಚ್ಚು ಮಾಡಿದರೆ ಕೊಂಬು ಎರಡು ಗೆರೆಗಳ ಮೇಲೆ ಕೂರುತ್ತದೆ, ಎದುರಿನ ದವಡೆ ಮೂರನೆಯದು. ಮೂರು ಕಡೆ ತಾಗಿದ ಮೇಲೆ ಉರುಳುವುದು ಕಷ್ಟ. ಕಚ್ಚಿನ ಕೋನ 90 ಡಿಗ್ರಿ ಆಸುಪಾಸು ಇದ್ದರೆ ಸಾಕು. ತೀರಾ ಚೂಪಾದ ಕಚ್ಚು ಕೊಂಬನ್ನು ಬೆಣೆಯ ಹಾಗೆ ಹಿಸುಕುತ್ತದೆ.

ಬಾಗಿದ ಕೊಂಬಿಗೆ ಇನ್ನೊಂದು ಸುಲಭ ಉಪಾಯ ಇದೆ. ಬಾಗಿನ ಕಾರಣ ಅದರ ತುದಿ ಪಕ್ಕಕ್ಕೆ ಚಾಚಿಕೊಂಡಿರುತ್ತದೆ, ಅಲ್ವಾ? ಆ ತುದಿಯನ್ನು ಮೇಜಿಗೆ ಹೊಡೆದ ಒಂದು ಗೂಟಕ್ಕೆ ತಾಗಿಸಿ. ಕೊಂಬು ಉರುಳಬೇಕಾದರೆ ತುದಿ ಸರಿಯಬೇಕು, ಗೂಟ ಬಿಡುವುದಿಲ್ಲ. ವೈಸ್ ಹಗುರಾಗೇ ಹಿಡಿದಿದ್ದರೂ ನಡೆಯುತ್ತದೆ. ಇದು ಕೆಲಸ ಮಾಡುವುದು ಒಂದೇ ದಿಕ್ಕಿನ ಒತ್ತಡಕ್ಕೆ. ಎರಡೂ ಕಡೆಗೆ ಬೇಕಿದ್ದರೆ ಎರಡು ಗೂಟ.

ಅದುರಿದರೆ

ಇದನ್ನು ಕಿವಿಯಿಂದ ಹಿಡಿಯಬಹುದು. ಸರಿಯಾಗಿ ಹಿಡಿದ ಕೊಂಬಿನ ಮೇಲೆ ಅರ ಓಡಿದರೆ ಮಂದವಾದ ಸರಸರ ಸದ್ದು. ಅದುರುವ ಕೊಂಬು ಕೀರಲು ಸದ್ದು ಮಾಡುತ್ತದೆ, ಇಲ್ಲವೇ ಗುಂಯ್ ಅನ್ನುತ್ತದೆ. ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು ನೋಡಿದರೆ ಸಮ ಅಂತರದ ಅಡ್ಡ ಗೀರುಗಳು ಕಾಣುತ್ತವೆ. ಅದರ ಮೇಲೆ ಹೆರೆಯುತ್ತ ಹೋದರೆ ಅಲೆ ಇನ್ನೂ ಆಳವಾಗುತ್ತದೆ, ಯಾಕೆಂದರೆ ಅಲಗು ಪ್ರತಿ ಸಲವೂ ಅದೇ ಉಬ್ಬಿನ ಮೇಲೆ ಎಗರುತ್ತದೆ. ಅಲಗನ್ನು ಸ್ವಲ್ಪ ಓರೆ ಮಾಡಿ, ಹಳೆಯ ಅಲೆಗಳನ್ನು ಅಡ್ಡಹಾಯುವಂತೆ ಎಳೆಯಿರಿ.

ಕಾರಣ ಎರಡರಲ್ಲಿ ಒಂದು. ಕೆಲಸದ ಜಾಗ ಹಿಡಿತದಿಂದ ದೂರ ಇದೆ, ಇಲ್ಲವೇ ಗೋಡೆ ತೆಳು. ಕೆಲಸ ಮಾಡುವ ಜಾಗವನ್ನು ಬೆರಳಿನಿಂದ ಹಿಂದಿನಿಂದ ಒತ್ತಿ ಹಿಡಿದು ಅರ ಹಾಕಿ ನೋಡಿ. ಸದ್ದು ತಗ್ಗಿದರೆ ಗೋಡೆ ಅದುರುತ್ತಿದೆ. ತಗ್ಗದಿದ್ದರೆ ದೂರದ್ದೇ ತೊಂದರೆ, ಕೊಂಬನ್ನು ಒಳಕ್ಕೆ ಸರಿಸಿ ಕಟ್ಟಿ. ದವಡೆಯಿಂದ ಮೂರು ನಾಲ್ಕು ಬೆರಳಿಗಿಂತ ಆಚೆ ಒತ್ತಿ ಕೆಲಸ ಮಾಡುವ ಹಾಗಿದ್ದರೆ ಕೆಳಗೊಂದು ಆಸರೆ ಬೇಕೇ ಬೇಕು.

ಗೋಡೆ ಅದುರಿದರೆ ಟೊಳ್ಳನ್ನು ತುಂಬಿ. ಬಟ್ಟೆಯ ಪಟ್ಟಿಗಳನ್ನು ಕೋಲಿನಿಂದ ಒತ್ತಿ ಒತ್ತಿ ತುಂಬುವುದು ಸುಲಭ. ತೆಳು ಚೀಲದಲ್ಲಿ ಒಣ ಮರಳು ತುಂಬಿ ಒಳಗಿಟ್ಟು ಬಾಯಿಗೆ ಬಟ್ಟೆ ತುರುಕಿದರೂ ಆಗುತ್ತದೆ. ಮರಳನ್ನು ನೇರವಾಗಿ ಸುರಿಯಬೇಡಿ. ಒಂದೆರಡು ಕಾಳು ಅಲಗಿಗೆ ಸಿಕ್ಕರೆ ಅಂಚು ಹೋಯಿತು.

ಟೊಳ್ಳು ಬುಡವನ್ನು ಹಿಡಿಯಲೇಬೇಕಾದಾಗ

ಬುಡದ ಗೋಡೆ ಕೆಲವು ಕಡೆ 2–3 ಮಿ.ಮೀ. ಮಾತ್ರ ಇರುತ್ತದೆ. ವೈಸಿಗೆ ಅದು ಏನೇನೂ ಅಲ್ಲ. ಟೊಳ್ಳು ಎಲ್ಲಿಯವರೆಗೆ ಇದೆ ಅಂತ ಮೊದಲು ಅಳೆಯಿರಿ. ಬಗ್ಗುವ ತಂತಿಯನ್ನು ಒಳಗೆ ತಾಗುವವರೆಗೂ ತೂರಿಸಿ, ಬುಡದ ನೇರಕ್ಕೆ ಗುರುತು ಮಾಡಿ, ಹೊರಗೆ ಅದೇ ಬಾಗಿನ ಗುಂಟ ಇಟ್ಟು ಕೊಂಬಿನ ಮೇಲೆ ಗೆರೆ ಹಾಕಿ. ಆ ಗೆರೆಯಿಂದ ತುದಿಯ ಕಡೆಗೆ ಗಟ್ಟಿ. ಸಾಧ್ಯವಾದಷ್ಟೂ ಅಲ್ಲೇ ಹಿಡಿಯಿರಿ. ಬಿಳಿ ಕೊಂಬಾದರೆ ಒಳಗೆ ಟಾರ್ಚ್ ಹಾಕಿ ಗೋಡೆ ಎಲ್ಲಿ ತೆಳು ಅಂತಲೂ ನೋಡಬಹುದು. ಕಪ್ಪು ಎಮ್ಮೆಕೊಂಬಿನಲ್ಲಿ ಬೆಳಕು ಹಾಯುವುದಿಲ್ಲ, ಅಲ್ಲಿ ತಂತಿಯೇ ಗತಿ.

ತುದಿಯನ್ನೇ ಕೆತ್ತಬೇಕಾದಾಗ ಬುಡ ಹಿಡಿಯದೆ ವಿಧಿಯಿಲ್ಲ. ಆಗ ಹೊರಗಿನಿಂದ ಹಿಡಿಯಬೇಡಿ, ಒಳಗಿನಿಂದ ಹಿಡಿಯಿರಿ. ಮರದ ಬಿರಡೆ ಮಾಡಿ ಬುಡಕ್ಕೆ ಕೂರಿಸಿ, ಬಿರಡೆಯ ಹೊರಚಾಚಿದ ಭಾಗವನ್ನು ವೈಸಿಗೆ ಕಟ್ಟಿ. ಕೊಂಬಿಗೆ ವೈಸ್ ತಾಗುವುದೇ ಇಲ್ಲ. ಸುತ್ತಲೂ ಕೈಯಾಡುತ್ತದೆ, ತಿರುಗಿಸಿ ಕಟ್ಟುವುದು ಒಂದು ಕ್ಷಣದ ಕೆಲಸ. ಇಡೀ ಬರಹದಲ್ಲಿ ಒಂದೇ ಉಪಾಯ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಬಿರಡೆ ಮಾಡುವಾಗ ಎಡವುವ ಜಾಗ ಒಂದಿದೆ. ಬುಡದ ಬಾಯಿ ಪೂರ್ತಿ ದುಂಡಗೆ ಇರುವುದಿಲ್ಲ, ಸಾಮಾನ್ಯವಾಗಿ ಮೊಟ್ಟೆಯಾಕಾರ. ದುಂಡು ಬಿರಡೆ ತುರುಕಿದರೆ ಎರಡೇ ಕಡೆ ತಾಗಿ ಬಾಯನ್ನು ಅಗಲಿಸುತ್ತದೆ, ಸೀಳುತ್ತದೆ. ರಟ್ಟಿನ ಮೇಲೆ ಬಾಯಿಯ ಒಳ ಆಕಾರ ಬರೆದುಕೊಂಡು ಅದರ ಪ್ರಕಾರ ಬಿರಡೆ ಕೆತ್ತಿ. ಅದಕ್ಕೂ ಸ್ವಲ್ಪ ಇಳಿಜಾರು ಇರಲಿ. ಇಲ್ಲೂ ಸೀಮೆಸುಣ್ಣವೇ ದಾರಿ ತೋರಿಸುತ್ತದೆ. ಕೂರಿಸುವಾಗ ಸುತ್ತಿಗೆ ಬೇಡ. ಅಂಗೈಯಿಂದ ಒತ್ತಿ, ಸ್ವಲ್ಪ ತಿರುವಿ. ಸಡಿಲ ಅನ್ನಿಸಿದರೆ ತೆಳು ಬಟ್ಟೆ ಸುತ್ತಿ.

ಬಾಯಿಯನ್ನೇ ದುಂಡಗೆ ಮಾಡಿಕೊಳ್ಳುವ ದಾರಿಯೂ ಇದೆ. ಬುಡದ ನಾಲ್ಕು ಬೆರಳಷ್ಟನ್ನು ಕುದಿಯುವ ನೀರಿನಲ್ಲಿ ಇಟ್ಟು, ಮೆದುವಾದ ಮೇಲೆ ನಯವಾದ ದುಂಡು ಬಿರಡೆ ಒತ್ತಿ ಹಾಗೇ ಆರಲು ಬಿಡಿ. ಆರಿದ ಮೇಲೆ ಆಕಾರ ನಿಲ್ಲುತ್ತದೆ. ಗೋಡೆ ತೆಳ್ಳಗಿದ್ದರೆ ಬೇಗ ಮೆದುವಾಗುತ್ತದೆ, ದಪ್ಪ ಇದ್ದರೆ ಹೊತ್ತು ಹಿಡಿಯುತ್ತದೆ. ಇಕ್ಕಳದಿಂದ ಅಂಚನ್ನು ಮೆಲ್ಲಗೆ ಅದುಮಿ ನೋಡಿ, ಬಗ್ಗುವ ಹಾಗಿದ್ದರೆ ತಯಾರು. ಬಿಸಿ ಕೊಂಬು ಮುಟ್ಟಲು ದಪ್ಪ ಕೈಗವಸು ಬೇಕು. ಒದ್ದೆ ಕೊಂಬಿನೊಳಗೆ ಬಿರಡೆ ಗಟ್ಟಿಯಾಗಿ ಕೂರಿಸಿ ದಿನಗಟ್ಟಲೆ ಬಿಟ್ಟರೆ, ಒಣಗುತ್ತ ಕೊಂಬು ಕುಗ್ಗುತ್ತದೆ, ಬಿರಡೆ ಕುಗ್ಗಲು ಬಿಡುವುದಿಲ್ಲ. ಆರಿದ ಕೂಡಲೇ ಒಮ್ಮೆ ಸಡಿಲಿಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಕೂರಿಸಿ.

ಇನ್ನೊಂದು ಮಾತು. ಕೊಂಬನ್ನು ಬೇಕಾದ ಅಳತೆಗೆ ಮೊದಲೇ ಕತ್ತರಿಸಿಬಿಡುವ ಆತುರ ಬೇಡ. ಬುಡದಲ್ಲಿ 3–4 ಸೆಂ.ಮೀ. ಹೆಚ್ಚಿಗೆ ಇದ್ದರೆ ಹಿಡಿಯಲು ಅದೇ ಜಾಗ. ಅಲ್ಲಿ ಗುರುತು ಬಿದ್ದರೂ, ಬಿರಡೆಗೆ ಮೊಳೆ ಹೊಡೆದರೂ ನಷ್ಟವಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ಕತ್ತರಿಸಿ ತೆಗೆಯಿರಿ.

ವೈಸ್ ಬೇಡದ ಕಡೆ

ತುದಿಯ ಸಣ್ಣ ಕೆತ್ತನೆಗೆ, ಆಗಾಗ ಕೋನ ಬದಲಿಸುವ ಕೆಲಸಕ್ಕೆ ವೈಸ್ ತೊಡಕು. ಚರ್ಮದ ಚೀಲದಲ್ಲಿ ಮರಳು ತುಂಬಿ ಅದರ ಮೇಲೆ ಕೊಂಬು ಇಟ್ಟುಕೊಳ್ಳಿ, ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡ ಚೀಲ ಸಾಕು. ಕೊಂಬು ಚೀಲದಲ್ಲಿ ಹೂತು ತನ್ನ ಜಾಗ ತಾನೇ ಮಾಡಿಕೊಳ್ಳುತ್ತದೆ. ಚೀಲದ ಮೇಲೂ ಅಲುಗಿದರೆ ಮರಳು ತೀರಾ ಬಿಗಿಯಾಗಿ ತುಂಬಿದೆ ಅಂತ ಅರ್ಥ. ಮುಕ್ಕಾಲು ಭಾಗ ತುಂಬಿದ್ದರೆ ಹದ.

ಚಪ್ಪಲಿ ಹೊಲಿಯುವವರು ಬಳಸುವ ಕಾಲ್ಪಟ್ಟಿಯೂ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ಅಗಲವಾದ ಚರ್ಮದ ಪಟ್ಟಿಯ ಕುಣಿಕೆ ಮಾಡಿ, ಮೇಜಿನ ಮೇಲಿನ 'ವಿ' ಕಟ್ಟೆಯಲ್ಲಿ ಮಲಗಿಸಿದ ಕೊಂಬಿನ ಮೇಲೆ ಹಾಯಿಸಿ, ಕೆಳಗಿನ ತುದಿಯನ್ನು ಕಾಲಿನಿಂದ ತುಳಿಯಿರಿ. ಕಾಲು ಎತ್ತಿದರೆ ಸಡಿಲ, ತುಳಿದರೆ ಬಿಗಿ. ಎರಡು ಕೈಯೂ ಬಿಡುವು. ಪಟ್ಟಿ ಜಾರಿದರೆ ಅದು ಕೊಂಬಿನ ಇಳಿಜಾರಿಗೆ ಸಿಕ್ಕಿ ತುದಿಯ ಕಡೆ ಓಡುತ್ತಿದೆ. ಪಟ್ಟಿ ಹಾಯುವ ಜಾಗವನ್ನು ಬುಡದ ಕಡೆಗೆ ಸರಿಸಿ, ಒಳಗೆ ಒರಟು ಮಗ್ಗುಲು ಬರುವಂತೆ ತಿರುಗಿಸಿ.

ಕೈಯಲ್ಲೇ ಹಿಡಿದು ಚಾಕು ಓಡಿಸುವಾಗ ಅಲಗಿನ ದಾರಿಯಲ್ಲಿ ಅಂಗೈ ಇರಬಾರದು. ತೊಡೆಯ ಮೇಲೂ ಬೇಡ. ಮೇಜಿನ ಅಂಚಿಗೆ ಕಚ್ಚು ಮಾಡಿದ ಒಂದು ಹಲಗೆ ಸಿಕ್ಕಿಸಿ, ಕೊಂಬನ್ನು ಆ ಕಚ್ಚಿಗೆ ಒತ್ತಿ ಹಿಡಿಯಿರಿ. ಒತ್ತಡ ಹಲಗೆಗೆ ಹೋಗುತ್ತದೆ, ಕೈಗೆ ಬರೀ ದಿಕ್ಕು ತೋರಿಸುವ ಕೆಲಸ. ಚಾಕುವನ್ನು ಹೆಬ್ಬೆರಳಿನಿಂದ ಹಿಂದಿನಿಂದ ತಳ್ಳಿ, ಚಿಕ್ಕ ಚಿಕ್ಕ ಎಳೆತದಲ್ಲಿ ತೆಗೆಯಿರಿ. ಕೈ ಬೆವರಿದರೆ ನಿಲ್ಲಿಸಿ ಒರಸಿಕೊಳ್ಳಿ. ಕೊಂಬಿನ ಪುಡಿ ಉಸಿರಿಗೆ ಹೋಗಬಾರದು, ಯಾವ ಹಿಡಿತದಲ್ಲೇ ಕೆಲಸ ಮಾಡಿದರೂ ಮಾಸ್ಕ್ ಇರಲಿ.

ಚಪ್ಪಟೆ ತುಂಡುಗಳು

ಬಿಸಿ ಮಾಡಿ ಒತ್ತಿ ಚಪ್ಪಟೆ ಮಾಡಿದ ಹಾಳೆಯನ್ನು ಹಲಗೆಗೆ ಅಂಟಿಸಿ ಹಿಡಿಯುವುದು ಸುಲಭ. ಹಲಗೆಗೂ ಕೊಂಬಿಗೂ ಮಾಸ್ಕಿಂಗ್ ಟೇಪ್ ಹಚ್ಚಿ, ಎರಡು ಟೇಪುಗಳ ನಡುವೆ ಸೂಪರ್ ಗ್ಲೂ ಹಾಕಿದರೆ ಗಟ್ಟಿ ನಿಲ್ಲುತ್ತದೆ, ಮುಗಿದ ಮೇಲೆ ಸುಲಿದು ತೆಗೆಯಬಹುದು. ಅಂಟು ಬಿಟ್ಟುಕೊಂಡರೆ ಜಿಡ್ಡು ಉಳಿದಿದೆ, ಇಲ್ಲವೇ ಹಾಳೆಯೇ ಬಾಗುತ್ತಿದೆ. ಚಪ್ಪಟೆ ಮಾಡಿದ ಕೊಂಬಿಗೆ ಮತ್ತೆ ಬಿಸಿ ತಾಗಿದರೆ ಹಳೆಯ ಬಾಗಿಗೆ ಮರಳಲು ನೋಡುತ್ತದೆ. ಅದಕ್ಕೇ ಬಿಸಿ ರಾಳ, ಅರಗು, ಬಿಸಿ ಅಂಟಿನ ಗನ್ ಇವೆಲ್ಲ ತೆಳು ಹಾಳೆಗೆ ಬೇಡ. ನೀರಿನಲ್ಲಿ ಕಲಸಿದ ಗೋಂದೂ ಬೇಡ, ಒಂದೇ ಮಗ್ಗುಲು ನೀರು ಕುಡಿದು ಹಾಳೆ ಸೊಟ್ಟಗಾಗುತ್ತದೆ. ಮರಳು ಕಾಗದ ಬಿರುಸಾಗಿ ಉಜ್ಜಿದಾಗ ಕೂದಲು ಸುಟ್ಟ ವಾಸನೆ ಬಂದರೆ ಅದೂ ಬಿಸಿಯೇ, ನಿಲ್ಲಿಸಿ ಆರಲು ಬಿಡಿ.

ಈಗಾಗಲೇ ಗುರುತು ಬಿದ್ದಿದ್ದರೆ

ದವಡೆಯ ಹಲ್ಲು ಒತ್ತಿದ ಗುಳಿ ಆಳ ಇಲ್ಲದಿದ್ದರೆ ಅರ ಹಾಕುವ ಮುಂಚೆ ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟು ನೋಡಿ. ಅದುಮಿದ ಕೊಂಬು ಬಿಸಿ ಮತ್ತು ತೇವಕ್ಕೆ ಸ್ವಲ್ಪ ಮಟ್ಟಿಗೆ ಮೇಲೆ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಉಳಿದಷ್ಟನ್ನು ಹೆರೆದರೆ ತೆಗೆಯಬೇಕಾದ ದಪ್ಪ ಕಡಿಮೆಯಾಗುತ್ತದೆ. ಹಲ್ಲು ಪದರವನ್ನೇ ಕತ್ತರಿಸಿದ್ದರೆ ಇದರಿಂದ ಏನೂ ಆಗುವುದಿಲ್ಲ.

ಸೀಳು ಬಿಟ್ಟಿದ್ದರೆ ಕೊಂಬನ್ನು ಕೂಡಲೇ ಹಿಡಿತದಿಂದ ಬಿಡಿಸಿ. ಸೀಳಿನ ಕೊನೆ ಎಲ್ಲಿದೆ ಅಂತ ಕಾಣದಿದ್ದರೆ ಅದರ ಮೇಲೆ ಸ್ವಲ್ಪ ಸೀಮೆಸುಣ್ಣದ ಪುಡಿ ಸವರಿ ಒರಸಿ, ಗೆರೆ ಕಾಣುತ್ತದೆ. ಬಿಳಿ ಕೊಂಬಿನಲ್ಲಿ ಅದು ಎದ್ದು ಕಾಣುವುದಿಲ್ಲ, ಅಲ್ಲಿ ಟಾರ್ಚ್ ಬೆಳಕಿನಲ್ಲೇ ಹುಡುಕಿ. ಕೊನೆಯ ಬಿಂದುವಿನಿಂದ ಒಂದು ಕೂದಲೆಳೆ ಮುಂದೆ 1 ಮಿ.ಮೀ. ತೂತು ಕೊರೆದರೆ ಸೀಳು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಬಿಡಿ, ಅದು ತಾನೇ ಒಳಗೆ ಹೀರಿಕೊಳ್ಳುತ್ತದೆ. ದಾರ ಸುತ್ತಿ ರಾತ್ರಿಯಿಡೀ ಬಿಡಿ. ಮರುದಿನ ಕೆಲಸಕ್ಕೆ ಕೂತಾಗ ಅದೇ ಜಾಗದಲ್ಲಿ ಹಿಡಿಯಬೇಡಿ. ಸೀಳು ಎರಡು ದವಡೆಗಳ ನಡುವಿನ ಬಿಡುವಿನಲ್ಲಿ, ಮೇಲ್ಮುಖವಾಗಿ ಬರುವಂತೆ ತಿರುಗಿಸಿ ಕಟ್ಟಿ, ಮತ್ತೆ ಹೊಸದಾಗಿ ಗೆರೆ ಎಳೆದುಕೊಳ್ಳಿ.